ಕಿವಿಯ ಪರೀಕ್ಷೆಗೆ ಹೆಸರಾದ ಎರ್ನ್‌ಸ್ಟ್ ಹೈನ್ರಿಖ್ ವೆಬರ್

ಬೆಳಗಾವಿ ಜಿಲ್ಲೆಯ ಹುಕ್ಕೇರಿ ಭಾಗದಲ್ಲಿ ಸೇವೆ ಸಲ್ಲಿಸುತ್ತಿರುವ, ನಮ್ಮ ಕರಾವಳಿ ಮೂಲದ ಧರ್ಮಭಗಿನಿಯೊಬ್ಬರು ನಮ್ಮಲ್ಲಿ ಒಂದು ಸಂದೇಹ ಕೇಳಿದ್ದರು. ಕಿವಿ ಮಂದವಾಗಿದ್ದ ಹಿರಿಯರೊಬ್ಬರನ್ನು ಅವರು ಬೆಳಗಾವಿಗೆ ಕರೆದುಕೊಂಡು ಹೋಗಿದ್ದರು. ವೈದ್ಯರು ಯಾವ ಯಂತ್ರವನ್ನೂ ಮುಟ್ಟುವ ಮೊದಲು ಎರಡು ಕವಲಿನ ಒಂದು ಉಕ್ಕಿನ ಕಡ್ಡಿಯನ್ನು ಮೊಣಕೈಗೆ ತಟ್ಟಿ, ಅದರ ಬುಡವನ್ನು ಹಿರಿಯರ ಹಣೆಯ ಮೇಲಿಟ್ಟು, ಸದ್ದು ಯಾವ ಕಡೆ ಕೇಳುತ್ತದೆ ಎಂದು ವಿಚಾರಿಸಿದರು. ಬಳಿಕ ಚೀಟಿಯಲ್ಲಿ ವೆಬರ್ ಬಲಕ್ಕೆ, ರಿನ್ನೆ ಬಲ ನೆಗೆಟಿವ್ ಎಂದು ಬರೆದುಕೊಟ್ಟರು. ವೆಬರ್ ಎಂಬುದು ಕಾಯಿಲೆಯ ಹೆಸರೋ, ಔಷಧದ ಹೆಸರೋ ಎಂಬುದು ಸಿಸ್ಟರ್ ಅವರ ಪ್ರಶ್ನೆ.

ಅದು ಕಾಯಿಲೆಯೂ ಅಲ್ಲ, ಔಷಧವೂ ಅಲ್ಲ, ಒಬ್ಬ ಮನುಷ್ಯನ ಹೆಸರು. ಜಗತ್ತಿನ ಎಲ್ಲ ವೈದ್ಯಕೀಯ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಆ ಹೆಸರನ್ನು ಬಾಯಿಪಾಠ ಮಾಡುತ್ತಾರೆ. ಆದರೆ ಆ ವ್ಯಕ್ತಿಯ ಬದುಕು ಎಂಥದ್ದು, ಅವರ ಹೆಸರು ಈ ಪರೀಕ್ಷೆಗೆ ಹೇಗೆ ಅಂಟಿಕೊಂಡಿತು ಎಂಬುದು ಹೆಚ್ಚಿನವರಿಗೆ ತಿಳಿಯದು. ನಮ್ಮ ಧರ್ಮಕೇಂದ್ರಗಳಲ್ಲಿ ರೋಗಿಗಳನ್ನೂ ವೃದ್ಧರನ್ನೂ ಮಕ್ಕಳನ್ನೂ ನೋಡಿಕೊಳ್ಳುವವರಿಗೆ ಈ ಕಥೆಯಿಂದ ಪ್ರಯೋಜನವಿದೆ ಎಂದುಕೊಂಡು ಅದನ್ನು ಇಲ್ಲಿ ನಿರೂಪಿಸುತ್ತಿದ್ದೇವೆ.

ದೇವಶಾಸ್ತ್ರ ಪ್ರಾಧ್ಯಾಪಕರ ಮನೆ

ಎರ್ನ್‌ಸ್ಟ್ ಹೈನ್ರಿಖ್ ವೆಬರ್ ಹುಟ್ಟಿದ್ದು 1795ರ ಜೂನ್ 24ರಂದು, ಜರ್ಮನಿಯ ವಿಟ್ಟನ್‌ಬರ್ಗ್ ಪಟ್ಟಣದಲ್ಲಿ. ಜೂನ್ 24 ಸ್ನಾನಿಕ ಯೊವಾನ್ನರ ಜನ್ಮೋತ್ಸವದ ದಿನ. ಯೊವಾನ್ನರ ತಂದೆ ಜಕರೀಯ ಮಾತು ಕಳೆದುಕೊಂಡಿದ್ದಾಗ, ಮಗುವಿಗೆ ಏನು ಹೆಸರಿಡಬೇಕೆಂದು ನೆಂಟರಿಷ್ಟರು ಅವರನ್ನು ಕೈಸನ್ನೆಯಿಂದ ಕೇಳಿದರೆಂದು ಸಂತ ಲೂಕರು ಬರೆಯುತ್ತಾರೆ. ಕೈಸನ್ನೆ ಬೇಕಾಯಿತೆಂದರೆ ಅವರಿಗೆ ಕಿವಿಯೂ ಕೇಳಿಸುತ್ತಿರಲಿಲ್ಲ ಎಂದು ಬೈಬಲ್ ಪಂಡಿತರಲ್ಲಿ ಅನೇಕರು ಅರ್ಥೈಸುತ್ತಾರೆ. ಕಿವಿಯ ಪರೀಕ್ಷೆಗೆ ಹೆಸರಾದವರು ಅದೇ ಹಬ್ಬದ ದಿನ ಹುಟ್ಟಿದ್ದು ಕಾಕತಾಳೀಯವೇ ಸರಿ. ಆದರೂ ನೆನಪಿನಲ್ಲಿ ಇಟ್ಟುಕೊಳ್ಳಲು ಸುಲಭ.

ವಿಟ್ಟನ್‌ಬರ್ಗ್ ಎಂದೊಡನೆ ನಮಗೆ 1517ರಲ್ಲಿ ಅಲ್ಲಿ ಆರಂಭವಾದ ಮಾರ್ಟಿನ್ ಲೂಥರರ ಸುಧಾರಣಾ ಚಳವಳಿ ನೆನಪಾಗುತ್ತದೆ. ವೆಬರ್ ಅವರ ತಂದೆ ಮಿಖಾಯೆಲ್ ವೆಬರ್ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರದ ಪ್ರಾಧ್ಯಾಪಕರು. ಮನೆ ತುಂಬ ಮಕ್ಕಳು. ಅವರಲ್ಲಿ ಮೂವರು ವಿಜ್ಞಾನಿಗಳಾಗಿ ಹೆಸರು ಮಾಡಿದರು: ಹಿರಿಯರಾದ ಎರ್ನ್‌ಸ್ಟ್, 1804ರಲ್ಲಿ ಹುಟ್ಟಿದ ವಿಲ್‌ಹೆಲ್ಮ್, 1806ರಲ್ಲಿ ಹುಟ್ಟಿದ ಎಡ್ವರ್ಡ್.

ಈ ಕುಟುಂಬ ವಾಸವಾಗಿದ್ದ ಮನೆಯಲ್ಲೇ ಅರ್ನ್‌ಸ್ಟ್ ಖ್ಲಾಡ್ನಿ ಎಂಬ ವಿಜ್ಞಾನಿಯೂ ಇದ್ದರು. ಲೋಹದ ತಗಡಿನ ಮೇಲೆ ಮರಳು ಹರಡಿ, ತಗಡಿನ ಅಂಚಿಗೆ ಪಿಟೀಲಿನ ಕಮಾನು ಎಳೆದರೆ ಮರಳು ತಾನಾಗಿಯೇ ಸುಂದರವಾದ ಚಿತ್ರಗಳಾಗಿ ಕೂಡಿಕೊಳ್ಳುತ್ತದೆ ಎಂದು ತೋರಿಸಿಕೊಟ್ಟವರು ಅವರು. ಶಬ್ದವೆಂಬುದು ಕಂಪನ, ಅದನ್ನು ಕಣ್ಣಿನಿಂದಲೂ ನೋಡಬಹುದು ಎಂಬ ಪಾಠ ವೆಬರ್ ಮಕ್ಕಳಿಗೆ ಹೀಗೆ ಮನೆಯಲ್ಲೇ ದೊರೆಯಿತು.

ಎರ್ನ್‌ಸ್ಟ್ 1811ರಲ್ಲಿ ವಿಟ್ಟನ್‌ಬರ್ಗ್‌ನಲ್ಲೇ ವೈದ್ಯಕೀಯ ಓದಲು ಸೇರಿದರು. ಅದು ನೆಪೋಲಿಯನ್ ಯುದ್ಧಗಳ ಕಾಲ. 1813ರಲ್ಲಿ ಪಟ್ಟಣ ಮುತ್ತಿಗೆಗೂ ಫಿರಂಗಿ ದಾಳಿಗೂ ಸಿಕ್ಕಿ ವಿಶ್ವವಿದ್ಯಾಲಯ ಚದುರಿಹೋಯಿತು. ವೆಬರ್ ಕುಟುಂಬ ಊರು ಬಿಟ್ಟು ಹತ್ತಿರದ ಶ್ಮೀಡೆಬರ್ಗ್‌ಗೆ ಹೋಗಬೇಕಾಯಿತು. ಇಷ್ಟೆಲ್ಲ ಗೊಂದಲದ ನಡುವೆಯೂ ಎರ್ನ್‌ಸ್ಟ್ 1815ರಲ್ಲಿ ವೈದ್ಯ ಪದವಿ ಮುಗಿಸಿದರು. ಬಳಿಕ ಲೈಪ್‌ಜಿಗ್ ಸೇರಿ, ಜೀವಮಾನವಿಡೀ ಅಲ್ಲೇ ಉಳಿದರು. 1818ರಲ್ಲಿ ತೌಲನಿಕ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರಾದರು. 1821ರಲ್ಲಿ, ಇನ್ನೂ 26 ವರ್ಷದವರಾಗಿದ್ದಾಗ, ಮಾನವ ಅಂಗರಚನಾಶಾಸ್ತ್ರದ ಪೀಠ ಅವರಿಗೆ ದೊರೆಯಿತು.

ಮೀನಿನ ಕಿವಿ

ವೆಬರ್ ಮೊದಲು ಹೆಸರು ಮಾಡಿದ್ದು ಮನುಷ್ಯರ ಕಿವಿಯಿಂದಲ್ಲ, ಮೀನಿನ ಕಿವಿಯಿಂದ. ಮನುಷ್ಯ ಮತ್ತು ಪ್ರಾಣಿಗಳ ಕಿವಿಯ ಕುರಿತು ಅವರು 1820ರಲ್ಲಿ ಲತೀನ್ ಭಾಷೆಯಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಕೆಲವು ಜಾತಿಯ ಮೀನುಗಳಲ್ಲಿ ಹೊಟ್ಟೆಯೊಳಗಿನ ಗಾಳಿಚೀಲದಿಂದ ಒಳಗಿವಿಯವರೆಗೆ ಪುಟ್ಟ ಪುಟ್ಟ ಮೂಳೆಗಳ ಒಂದು ಸರಪಳಿ ಇದೆ ಎಂದು ಅದರಲ್ಲಿ ತೋರಿಸಿದರು. ನೀರಿನಲ್ಲಿ ಬಂದ ಶಬ್ದಕ್ಕೆ ಗಾಳಿಚೀಲ ಅದುರುತ್ತದೆ. ಆ ಅದುರುವಿಕೆಯನ್ನು ಮೂಳೆಗಳು ಕಿವಿಗೆ ಒಯ್ಯುತ್ತವೆ.

ಕರಾವಳಿಯವರಾದ ನಮಗೆ ಮೀನಿನ ವಿಷಯ ಹೇಳಿಕೊಡಬೇಕಾಗಿಲ್ಲ. ಆದರೆ ನಮ್ಮ ಬಂಗುಡೆಯಲ್ಲಿ ಈ ಮೂಳೆಸರಪಳಿ ಇಲ್ಲ. ಇದು ಇರುವುದು ಕೆರೆ, ಹೊಳೆ, ಜಲಾಶಯಗಳ ಕಾಟ್ಲಾ, ರೋಹುಗಳಂಥ ಗೆಂಡೆ ಜಾತಿಯ ಮೀನುಗಳಲ್ಲಿ ಹಾಗೂ ಅವುಗಳ ಬಳಗದಲ್ಲಿ. ಘಟಪ್ರಭಾ ನದಿಗೆ ಕಟ್ಟಿರುವ ಹಿಡಕಲ್ ಜಲಾಶಯ ಇರುವುದು ಹುಕ್ಕೇರಿ ತಾಲೂಕಿನಲ್ಲೇ. ಗೆಂಡೆ ಜಾತಿಯ ಮೀನು ಕೊಯ್ಯುವವರು ತಿಳಿಯದೆಯೇ ವೆಬರ್ ಕಂಡ ಮೂಳೆಗಳನ್ನು ಕೈಯಲ್ಲಿ ಹಿಡಿದಿರುತ್ತಾರೆ.

ಇಲ್ಲಿ ಹೆಸರಿನ ಒಂದು ಸ್ವಾರಸ್ಯವಿದೆ. ಮನುಷ್ಯರ ನಡುಗಿವಿಯಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಮೂಳೆಗಳಿವೆ. ಮೀನಿನ ಮೂಳೆಗಳೂ ಇವೇ ಎಂದು ಭಾವಿಸಿದ ವೆಬರ್ ಅವಕ್ಕೂ ಅದೇ ಹೆಸರುಗಳನ್ನು ಕೊಟ್ಟರು. ಅವು ಬೆನ್ನೆಲುಬಿನ ಭಾಗಗಳಿಂದ ಬೆಳೆದವು, ನಮ್ಮ ಕಿವಿಯ ಮೂಳೆಗಳಿಗೂ ಅವಕ್ಕೂ ಸಂಬಂಧವಿಲ್ಲ ಎಂದು ಮುಂದಿನ ವಿಜ್ಞಾನಿಗಳು ಕಂಡುಕೊಂಡು ಬೇರೆ ಹೆಸರುಗಳನ್ನು ಇಟ್ಟರು. ವೆಬರ್ ಇಟ್ಟ ಹೆಸರುಗಳು ಹೋದವು. ಆದರೆ ಇಡೀ ಸರಪಳಿಗೆ ವೆಬರ್ ಅವರದೇ ಹೆಸರು ಉಳಿಯಿತು.

ಅಣ್ಣ ತಮ್ಮಂದಿರ ದುಡಿಮೆ

ವೆಬರ್ ಒಬ್ಬಂಟಿಯಾಗಿ ಕೆಲಸ ಮಾಡಿದವರಲ್ಲ. 1825ರಲ್ಲಿ ತಮ್ಮ ವಿಲ್‌ಹೆಲ್ಮ್ ಜೊತೆಗೂಡಿ ಅಲೆಗಳ ಕುರಿತು ದೊಡ್ಡದೊಂದು ಗ್ರಂಥ ಹೊರತಂದರು. ಅದನ್ನು ಹಳೆಯ ಮನೆಯ ಗೆಳೆಯ ಖ್ಲಾಡ್ನಿಯವರಿಗೆ ಅರ್ಪಿಸಿದರು. ಅಲೆಗಳ ಈ ಜ್ಞಾನವನ್ನೇ ಹಿಡಿದು ಎರ್ನ್‌ಸ್ಟ್ ನಾಡಿಯ ಕಡೆ ತಿರುಗಿದರು. ಕಾಲಿನ ನಾಡಿ ದವಡೆಯ ಬಳಿಯ ನಾಡಿಗಿಂತ ಕೊಂಚ ತಡವಾಗಿ ಮಿಡಿಯುತ್ತದೆ, ಏಕೆಂದರೆ ನಾಡಿಯೂ ರಕ್ತನಾಳದಲ್ಲಿ ಸಾಗುವ ಅಲೆಯೇ ಎಂದು ತಿಳಿಸಿಕೊಟ್ಟರು. ಕಿರಿಯ ತಮ್ಮ ಎಡ್ವರ್ಡ್ ಜೊತೆ ಸೇರಿ ನಡೆಸಿದ ಇನ್ನೊಂದು ಪ್ರಯೋಗವನ್ನು 1845ರಲ್ಲಿ ಇಟಲಿಯ ನೇಪಲ್ಸ್‌ನಲ್ಲಿ ನಡೆದ ವಿಜ್ಞಾನಿಗಳ ಸಮ್ಮೇಳನದ ಮುಂದಿಟ್ಟರು. ಮಿದುಳಿನಿಂದ ಎದೆಗೂ ಹೊಟ್ಟೆಗೂ ಇಳಿಯುವ ವೇಗಸ್ ಎಂಬ ನರವನ್ನು ವಿದ್ಯುತ್ತಿನಿಂದ ಕೆರಳಿಸಿದರೆ ಹೃದಯದ ಬಡಿತ ನಿಧಾನವಾಗುತ್ತದೆ, ನಿಂತೂಬಿಡುತ್ತದೆ ಎಂಬುದೇ ಆ ಶೋಧ. ನರವು ಅಂಗವನ್ನು ಓಡಿಸುವುದಷ್ಟೇ ಅಲ್ಲ, ತಡೆದು ನಿಲ್ಲಿಸಲೂಬಲ್ಲದು ಎಂಬುದು ಆಗ ಹೊಸ ಮಾತು.

ಮಧ್ಯದ ತಮ್ಮ ವಿಲ್‌ಹೆಲ್ಮ್ ಗೊಟ್ಟಿಂಗೆನ್‌ನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. 1837ರಲ್ಲಿ ಹ್ಯಾನೋವರ್‌ನ ರಾಜ ಸಂವಿಧಾನವನ್ನು ರದ್ದುಪಡಿಸಿದಾಗ ಪ್ರತಿಭಟಿಸಿದ ಏಳು ಪ್ರಾಧ್ಯಾಪಕರಲ್ಲಿ ಅವರೂ ಒಬ್ಬರು. ಏಳೂ ಮಂದಿ ಕೆಲಸ ಕಳೆದುಕೊಂಡರು. ಕೆಲವು ವರ್ಷ ಸ್ಥಿರವಾದ ಹುದ್ದೆಯಿಲ್ಲದೆ ಕಳೆದ ವಿಲ್‌ಹೆಲ್ಮ್ 1843ರಲ್ಲಿ ಅಣ್ಣನ ಊರಾದ ಲೈಪ್‌ಜಿಗ್‌ನಲ್ಲಿ ಪ್ರಾಧ್ಯಾಪಕರಾದರು. 1849ರಲ್ಲಿ ಗೊಟ್ಟಿಂಗೆನ್‌ಗೆ ಮರಳಿದರು. ಇಂದು ವಿಜ್ಞಾನ ಪುಸ್ತಕಗಳಲ್ಲಿ ಕಾಂತೀಯ ಫ್ಲಕ್ಸ್ ಅಳೆಯುವ ಮಾನಕ್ಕೆ ವೆಬರ್ ಎಂದು ಹೆಸರಿದೆ. ಅದು ಈ ತಮ್ಮನ ಹೆಸರು. ಕಿವಿಯ ಪರೀಕ್ಷೆಯದು ಅಣ್ಣನ ಹೆಸರು. ನಮ್ಮ ಶಾಲೆಗಳ ಮಕ್ಕಳು ಎರಡನ್ನೂ ಒಬ್ಬರದೇ ಎಂದುಕೊಳ್ಳದಿರಲಿ.

1834ರ ಗ್ರಂಥ

ನಮ್ಮ ವಿಷಯಕ್ಕೆ ಮುಖ್ಯವಾದದ್ದು ವೆಬರ್ 1834ರಲ್ಲಿ ಲತೀನಿನಲ್ಲಿ ಪ್ರಕಟಿಸಿದ ಇನ್ನೊಂದು ಗ್ರಂಥ. ನಾಡಿ, ಶರೀರದ ಹೀರುವಿಕೆ, ಶ್ರವಣ, ಸ್ಪರ್ಶ ಎಂಬ ನಾಲ್ಕು ವಿಷಯಗಳು ಅದರಲ್ಲಿದ್ದವು. ಜಗತ್ತು ಹೆಚ್ಚು ಗಮನಿಸಿದ್ದು ಸ್ಪರ್ಶದ ಭಾಗವನ್ನು. ಕೈಯಲ್ಲಿ ತೂಕ ಎತ್ತಿ ನೋಡುವಾಗ ಎಷ್ಟು ಹೆಚ್ಚಾದರೆ ನಮಗೆ ವ್ಯತ್ಯಾಸ ತಿಳಿಯುತ್ತದೆ ಎಂದು ವೆಬರ್ ಅಳೆದರು. ಸುಮಾರು ನಲವತ್ತರಲ್ಲಿ ಒಂದು ಪಾಲು ಹೆಚ್ಚಾದರೆ ತಿಳಿಯುತ್ತದೆ ಎಂದು ಕಂಡರು. ಅಂದರೆ 400 ಗ್ರಾಂ ಹಿಡಿದವರಿಗೆ 10 ಗ್ರಾಂ ಹೆಚ್ಚಾದದ್ದು ಗೊತ್ತಾಗುತ್ತದೆ. 4 ಕಿಲೋ ಹಿಡಿದವರಿಗೆ ಅದೇ 10 ಗ್ರಾಂ ಗೊತ್ತಾಗುವುದಿಲ್ಲ, 100 ಗ್ರಾಂ ಬೇಕು. ಅವರ ಉಪನ್ಯಾಸಗಳನ್ನು ಕೇಳಿ ಬೆಳೆದ ಗುಸ್ತಾವ್ ಫೆಖ್ನರ್ 1860ರಲ್ಲಿ ಇದಕ್ಕೆ ವೆಬರ್ ನಿಯಮವೆಂದು ಹೆಸರಿಟ್ಟರು. ಮನೋವಿಜ್ಞಾನ ಓದುವವರಿಗೆ ವೆಬರ್ ಪರಿಚಿತರಾಗಿರುವುದು ಇದರಿಂದಲೇ.

ಶ್ರವಣದ ಭಾಗದಲ್ಲಿ ಒಂದು ಚಿಕ್ಕ ಅವಲೋಕನವಿತ್ತು. ಶ್ರುತಿಕವೆಯನ್ನು, ಅಂದರೆ ಟ್ಯೂನಿಂಗ್ ಫೋರ್ಕನ್ನು, ತಟ್ಟಿ ತಲೆಗೆ ಒತ್ತಿ ಹಿಡಿದರೆ ಸದ್ದು ಎರಡೂ ಕಿವಿಗಳಿಗೆ ಕೇಳುತ್ತದೆ. ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿದರೆ ಸದ್ದು ಮುಚ್ಚಿದ ಕಿವಿಯಲ್ಲೇ ಜೋರಾಗುತ್ತದೆ. ಮುಚ್ಚಿದ ಕಿವಿಗೆ ಕಡಿಮೆ ಕೇಳಬೇಕೆಂಬುದು ನಮ್ಮೆಲ್ಲರ ಎಣಿಕೆ. ಆಗುವುದು ಅದಕ್ಕೆ ತದ್ವಿರುದ್ಧ.

ಇದನ್ನು ಪರೀಕ್ಷಿಸಲು ಓದುಗರಿಗೆ ಯಾವ ಉಪಕರಣವೂ ಬೇಡ. ಬಾಯಿ ಮುಚ್ಚಿಕೊಂಡು ಒಂದೇ ಸ್ವರದಲ್ಲಿ ಗುನುಗುತ್ತಿರಿ. ಹಾಗೆಯೇ ಬಲಗಿವಿಯನ್ನು ಬೆರಳಿನಿಂದ ಮುಚ್ಚಿ. ನಿಮ್ಮ ಸ್ವರ ಬಲಕ್ಕೆ ಸರಿಯುತ್ತದೆ. ಎಡಗಿವಿ ಮುಚ್ಚಿದರೆ ಎಡಕ್ಕೆ ಸರಿಯುತ್ತದೆ. ಮೂಳೆಯ ಮೂಲಕ ಒಳಗಿವಿ ತಲುಪಿದ ಕಂಪನ, ಹೊರಗಿನ ದಾರಿ ಮುಚ್ಚಿರುವುದರಿಂದ ಹೊರಬೀಳದೆ ಒಳಗೇ ಉಳಿಯುತ್ತದೆ. ಹೊರಗಿನ ಗದ್ದಲವೂ ಆ ಕಿವಿಗೆ ಬರುವುದಿಲ್ಲ. ಹಾಗಾಗಿ ಅಲ್ಲಿ ಸದ್ದು ಹೆಚ್ಚು.

ಹೆಸರು ಅಂಟಿದ ಬಗೆ

ಶ್ರುತಿಕವೆ ವೈದ್ಯರು ಕಂಡುಹಿಡಿದದ್ದಲ್ಲ. 1711ರಲ್ಲಿ ಲಂಡನ್ನಿನ ಜಾನ್ ಶೋರ್ ಎಂಬ ಕಹಳೆವಾದಕರು ವಾದ್ಯಗಳ ಶ್ರುತಿ ಸೇರಿಸಲು ಅದನ್ನು ಮಾಡಿದರು. ನಮ್ಮ ಗಾಯನ ಮಂಡಳಿಗಳ ಹಿರಿಯ ಮಾಸ್ತರರಲ್ಲಿ ಕೆಲವರಿಗೆ ಅದರ ಬಳಕೆ ಗೊತ್ತಿರಬಹುದು. ಮೂಳೆಯ ಮೂಲಕವೂ ಶಬ್ದ ಕೇಳುತ್ತದೆ ಎಂಬ ತಿಳಿವಳಿಕೆ ಇನ್ನೂ ಹಳೆಯದು. ಹಲ್ಲಿನಲ್ಲಿ ಕಚ್ಚಿಕೊಂಡ ಕಡ್ಡಿಯ ಮೂಲಕ ಶಬ್ದ ಕೇಳುವುದನ್ನು ಇಟಲಿಯ ವೈದ್ಯ ಜಿರೊಲಾಮೊ ಕಾರ್ಡಾನೊ 1550ರಲ್ಲೇ ಬರೆದಿದ್ದರು. ಕಿವಿ ಮುಚ್ಚಿದರೆ ಸದ್ದು ಅತ್ತ ಸರಿಯುವುದನ್ನು ಲಂಡನ್ನಿನ ಚಾರ್ಲ್ಸ್ ವೀಟ್‌ಸ್ಟನ್ 1827ರಲ್ಲಿ, ಅಂದರೆ ವೆಬರ್ ಅವರಿಗಿಂತ ಏಳು ವರ್ಷ ಮೊದಲು, ಗಮನಿಸಿದ್ದರು.

ವೆಬರ್ ಕೂಡ ಇದನ್ನು ರೋಗಿಗಳ ಪರೀಕ್ಷೆಗೆಂದು ಬರೆದವರಲ್ಲ. ಶರೀರ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯುವುದಷ್ಟೇ ಅವರ ಉದ್ದೇಶ. ರೋಗಿಯ ತಲೆಯ ಮೇಲೆ ಶ್ರುತಿಕವೆ ಇಟ್ಟು ಕಿವುಡುತನದ ಬಗೆ ತಿಳಿಯಬಹುದೆಂದು 1840ರ ದಶಕದಲ್ಲಿ ವಿವರವಾಗಿ ತೋರಿಸಿದವರು ಡ್ರೆಸ್ಡನ್ನಿನ ಕಿವಿವೈದ್ಯ ಎಡ್ವರ್ಡ್ ಶ್ಮಾಲ್ಟ್ಸ್. ಆದರೆ ಹೆಸರು ನಿಂತದ್ದು ವೆಬರ್ ಅವರದು. ವೀಟ್‌ಸ್ಟನ್ ಪರೀಕ್ಷೆ ಎಂದಾಗಲೀ ಶ್ಮಾಲ್ಟ್ಸ್ ಪರೀಕ್ಷೆ ಎಂದಾಗಲೀ ಯಾರೂ ಹೇಳುವುದಿಲ್ಲ.

ಜೊತೆಗಾರ ಪರೀಕ್ಷೆಯಾದ ರಿನ್ನೆಯ ಕಥೆ ಇನ್ನೂ ವಿಚಿತ್ರ. ಹೈನ್ರಿಖ್ ಅಡಾಲ್ಫ್ ರಿನ್ನೆ 1819ರಲ್ಲಿ ಹುಟ್ಟಿದ ಜರ್ಮನ್ ವೈದ್ಯರು. ಶ್ರುತಿಕವೆಯ ಬುಡವನ್ನು ಕಿವಿಯ ಹಿಂದಿನ ಮೂಳೆಯ ಮೇಲಿಟ್ಟು, ಅಲ್ಲಿ ಸದ್ದು ನಿಂತಿತೆಂದು ರೋಗಿ ಹೇಳಿದೊಡನೆ ಕವೆಯನ್ನು ಕಿವಿಯ ಮುಂದೆ ಹಿಡಿಯುವ ಪರೀಕ್ಷೆಯನ್ನು ಅವರು 1855ರಲ್ಲಿ ಬರೆದರು. ಆರೋಗ್ಯವಂತ ಕಿವಿಗೆ ಆಗ ಸದ್ದು ಮತ್ತೆ ಕೇಳುತ್ತದೆ. ಅದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ರಿನ್ನೆ ಮುಂದೆ ಹಿಲ್ಡೆಸ್‌ಹೈಮ್ ಪಟ್ಟಣದಲ್ಲಿ ಮಾನಸಿಕ ರೋಗಿಗಳ ವೈದ್ಯರಾಗಿ ದುಡಿದು 1868ರಲ್ಲಿ ತೀರಿಕೊಂಡರು. ಬರ್ಲಿನ್ನಿನ ಆಗಸ್ಟ್ ಲೂಕೆ ಮೊದಲಾದ ಕಿವಿವೈದ್ಯರು ಆ ಪರೀಕ್ಷೆಯನ್ನು ಎತ್ತಿ ಹಿಡಿದದ್ದು 1880ರ ದಶಕದಲ್ಲಿ. ತಮ್ಮ ಹೆಸರು ಇಷ್ಟು ದೂರ ಹೋಗುತ್ತದೆಂದು ರಿನ್ನೆಯವರಿಗೆ ತಿಳಿಯಲೇ ಇಲ್ಲ.

ಬಳಿಕ ಬಂದ ಹೆಸರುಗಳಿಗೂ ಹೀಗೆಯೇ ಒಂದೊಂದು ಕಥೆಯಿದೆ. ರೋಗಿಯ ಮೂಳೆಯ ಶ್ರವಣವನ್ನು ವೈದ್ಯರು ತಮ್ಮದರೊಂದಿಗೆ ಹೋಲಿಸುವ ಪರೀಕ್ಷೆಗೆ ಶ್ವಾಬಾಖ್ ಹೆಸರು. 1879ರಲ್ಲಿ ಡೇವಿಡ್ ಹ್ಯೂಸ್ ಲಂಡನ್ನಿನಲ್ಲಿ ತೋರಿಸಿದ ವಿದ್ಯುತ್ ಉಪಕರಣಕ್ಕೆ ಆಡಿಯೋಮೀಟರ್ ಎಂಬ ಹೆಸರು ಬಂತು. ಇಂದು ಸದ್ದಿನ ಪ್ರಮಾಣ ಹೇಳುವ ಡೆಸಿಬೆಲ್ ಎಂಬ ಪದದ ಕೊನೆಯಲ್ಲಿರುವುದು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಹೆಸರು. ಬೆಲ್ ಅವರ ತಾಯಿಗೂ ಪತ್ನಿಗೂ ಕಿವಿ ಕೇಳಿಸುತ್ತಿರಲಿಲ್ಲ.

ಚೀಟಿಯ ಅರ್ಥ

ಈಗ ವೆಬರ್ ಬಲಕ್ಕೆ, ರಿನ್ನೆ ಬಲ ನೆಗೆಟಿವ್ ಎಂಬುದರ ಅರ್ಥ ನೋಡೋಣ. ಕಿವುಡುತನದಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಶಬ್ದ ಬರುವ ದಾರಿಯಲ್ಲಿ ತಡೆ: ಕಿವಿಯ ಮೇಣ, ತಮಟೆಯಲ್ಲಿ ತೂತು, ಒಳಗೆ ಕೀವು ಅಥವಾ ನೀರು, ಬಿಗಿದುಕೊಂಡ ಮೂಳೆ. ಇನ್ನೊಂದು, ಒಳಗಿವಿ ಅಥವಾ ನರದ ದೋಷ: ವಯಸ್ಸು, ಅತಿ ಗದ್ದಲ, ಕೆಲವು ಔಷಧಗಳು, ಹುಟ್ಟಿನಿಂದ ಬಂದ ಕಾರಣಗಳು. ಮೊದಲ ಬಗೆಯಲ್ಲಿ ಹಣೆಯ ಮೇಲಿನ ಕವೆಯ ಸದ್ದು, ಬೆರಳಿಟ್ಟು ಮುಚ್ಚಿದಂತೆಯೇ, ಕೆಟ್ಟ ಕಿವಿಯ ಕಡೆಗೆ ಸರಿಯುತ್ತದೆ. ಎರಡನೆಯ ಬಗೆಯಲ್ಲಿ ಒಳ್ಳೆಯ ಕಿವಿಯ ಕಡೆಗೆ ಸರಿಯುತ್ತದೆ.

ರಿನ್ನೆ ಪರೀಕ್ಷೆಯಲ್ಲಿ ಗಾಳಿಯ ಮೂಲಕ ಹೆಚ್ಚು ಕೇಳಿದರೆ ಪಾಸಿಟಿವ್, ಮೂಳೆಯ ಮೂಲಕ ಹೆಚ್ಚು ಕೇಳಿದರೆ ನೆಗೆಟಿವ್. ಸಾಮಾನ್ಯವಾಗಿ ಪಾಸಿಟಿವ್ ಎಂಬ ವರದಿ ಬಂದರೆ ನಾವು ಹೆದರುತ್ತೇವೆ. ಇಲ್ಲಿ ಮಾತ್ರ ಪಾಸಿಟಿವ್ ಎಂದರೆ ಶಬ್ದ ಬರುವ ದಾರಿ ಸರಿಯಿದೆ ಎಂದರ್ಥ. ಆ ಹಿರಿಯರ ಬಲಗಿವಿ ಮಂದವಾಗಿ, ವೆಬರ್ ಬಲಕ್ಕೆ ಸರಿದು, ರಿನ್ನೆ ಅಲ್ಲಿ ನೆಗೆಟಿವ್ ಆಗಿದ್ದರೆ, ತೊಂದರೆ ದಾರಿಯಲ್ಲಿದೆ, ನರದಲ್ಲಲ್ಲ ಎಂದು ವೈದ್ಯರು ತಿಳಿಯುತ್ತಾರೆ. ಇಂಥ ತೊಂದರೆ ಅನೇಕ ವೇಳೆ ಔಷಧದಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಸರಿಹೋಗುತ್ತದೆ. ಎರಡೂ ಕಿವಿಗಳು ಸಮಾನವಾಗಿ ಕೆಟ್ಟಿದ್ದರೆ ವೆಬರ್ ನಡುವೆಯೇ ನಿಲ್ಲುತ್ತದೆ. ಹಾಗಾಗಿ ಶ್ರುತಿಕವೆಯೊಂದೇ ಸಾಲದು, ಆಡಿಯೋಮೀಟರ್ ಪರೀಕ್ಷೆಯೂ ಬೇಕು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಇದ್ದಕ್ಕಿದ್ದಂತೆ ಒಂದು ಕಿವಿ ಕೇಳಿಸದಾದರೆ ಮೇಣವಿರಬೇಕೆಂದು ಎಣ್ಣೆ ಬಿಟ್ಟುಕೊಂಡು ಕಾಯಬಾರದು. ಅದು ನರದ ತೊಂದರೆಯೂ ಆಗಿರಬಹುದು. ಆಗ ಮೊದಲ ದಿನಗಳ ಚಿಕಿತ್ಸೆಯೇ ಮುಖ್ಯ, ತಡಮಾಡಿದಷ್ಟೂ ಕಿವಿ ಮರಳುವ ಸಾಧ್ಯತೆ ಕಡಿಮೆ. ಮೇಣವೋ ನರವೋ ಎಂಬ ಮೊದಲ ಸುಳಿವನ್ನು ಒಂದೇ ನಿಮಿಷದಲ್ಲಿ, ವಿದ್ಯುತ್ತಿನ ಹಂಗಿಲ್ಲದೆ ಕೊಡುವುದು ಈ ಶ್ರುತಿಕವೆ. ಪರೀಕ್ಷಾ ಯಂತ್ರಗಳು ದೂರದ ಪೇಟೆಯಲ್ಲಿರುವ ಹುಕ್ಕೇರಿ ಸೀಮೆಯ ಹಳ್ಳಿಗಳಿಗೂ ನಮ್ಮ ಘಟ್ಟದ ಬುಡದ ಊರುಗಳಿಗೂ ಇದರ ಬೆಲೆ ಹೆಚ್ಚು.

ಮಕ್ಕಳ ಪ್ರಶ್ನೆ

1890ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಕಿವಿವೈದ್ಯ ಫ್ರೀಡ್ರಿಖ್ ಬೆಟ್ಸೋಲ್ಡ್ ಸಣ್ಣದರಿಂದ ದೊಡ್ಡದರವರೆಗಿನ ಶ್ರುತಿಕವೆಗಳ ಒಂದು ಸಾಲನ್ನೇ ಹಿಡಿದು ಅಲ್ಲಿನ ಕಿವುಡ ಮಕ್ಕಳ ಶಾಲೆಗೆ ಹೋದರು. ಪೂರ್ತಿ ಕಿವುಡರೆಂದು ಎಲ್ಲರೂ ನಂಬಿದ್ದ ಮಕ್ಕಳಲ್ಲಿ ಅನೇಕರಿಗೆ ಕೆಲವು ಸ್ವರಗಳು ಕೇಳುತ್ತವೆ ಎಂದು ಕಂಡುಬಂತು. ಆ ಉಳಿದ ಶ್ರವಣವನ್ನೇ ಬಳಸಿ ಮಾತು ಕಲಿಸಬಹುದೆಂಬ ದಾರಿ ತೆರೆಯಿತು. ಅದುವರೆಗೆ ಆ ಮಕ್ಕಳನ್ನು ಯಾರೂ ಸರಿಯಾಗಿ ಪರೀಕ್ಷಿಸಿರಲಿಲ್ಲ, ಅಷ್ಟೇ.

ನಮ್ಮ ನಡುವೆಯೂ ಇದು ನಡೆಯುತ್ತದೆ. ಕರೆದರೆ ತಿರುಗಿ ನೋಡದ ಮಗುವಿಗೆ ಹಟಮಾರಿ, ದಡ್ಡ ಎಂಬ ಹೆಸರು ಬೀಳುತ್ತದೆ. ಅಜ್ಜನೂ ತಡವಾಗಿ ಮಾತಾಡಿದ್ದ ಎಂದು ಮನೆಯವರು ಸಮಾಧಾನ ಪಟ್ಟುಕೊಳ್ಳುತ್ತಾರೆ. ಮಾತು ಕಲಿಯುವ ಮೊದಲ ವರ್ಷಗಳು ಹಾಗೆಯೇ ಕಳೆದುಹೋಗುತ್ತವೆ. ಸಾವಿರ ಹಸುಗೂಸುಗಳಲ್ಲಿ ಒಂದೆರಡಕ್ಕೆ ಹುಟ್ಟಿನಿಂದಲೇ ಗಂಭೀರವಾದ ಶ್ರವಣದೋಷ ಇರುತ್ತದೆ. ಮಗುವಿಗೆ ಒಂದು ತಿಂಗಳಾಗುವುದರೊಳಗೆ ಮೊದಲ ತಪಾಸಣೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಅಥವಾ ತರಬೇತಿ ಆರಂಭವಾಗಬೇಕೆಂಬುದು ಇಂದಿನ ತಜ್ಞರ ಮಾತು.

ಹಸುಗೂಸು ಎಡ ಬಲ ಹೇಳಲಾರದು. ಆದ್ದರಿಂದ ವೆಬರ್ ಪರೀಕ್ಷೆ ಅದಕ್ಕೆ ನಡೆಯದು. ಒಳಗಿವಿ ತಾನೇ ಹೊರಡಿಸುವ ಅತಿ ಮೆಲುದನಿಯನ್ನು ಲಂಡನ್ನಿನ ಡೇವಿಡ್ ಕೆಂಪ್ 1978ರಲ್ಲಿ ದಾಖಲಿಸಿದರು. ನಿದ್ರಿಸುವ ಮಗುವಿನ ಕಿವಿಯನ್ನೂ ನೋವಿಲ್ಲದೆ ಪರೀಕ್ಷಿಸುವ ಇಂದಿನ ಓಎಇ ತಪಾಸಣೆ ಬೆಳೆದದ್ದು ಅದರಿಂದ. ನಮ್ಮ ರಾಜ್ಯದ ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶಕ್ಕೇ ಹೆಸರಾಗಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಹಾಗೂ ಸರಕಾರಿ ಶಾಲೆಗಳ ಮಕ್ಕಳಿಗೆ ನಡೆಯುವ ತಪಾಸಣೆಯಲ್ಲಿ ಕಿವಿಯೂ ಸೇರಿದೆ.

ವೆಬರ್ ಅವರ ಕೊನೆಯ ದಿನಗಳು

ವೆಬರ್ ಐವತ್ತು ವರ್ಷಗಳಷ್ಟು ಕಾಲ ಲೈಪ್‌ಜಿಗ್‌ನಲ್ಲಿ ಪಾಠ ಹೇಳಿದರು. 1860ರ ದಶಕದಲ್ಲಿ ಶರೀರಕ್ರಿಯಾಶಾಸ್ತ್ರದ ಹೊಣೆಯನ್ನು ಬಿಟ್ಟುಕೊಟ್ಟರು. 1871ರಲ್ಲಿ ಅಂಗರಚನಾಶಾಸ್ತ್ರದ ಪೀಠದಿಂದಲೂ ನಿವೃತ್ತರಾದರು. 1878ರ ಜನವರಿ 26ರಂದು, 82ನೆಯ ವಯಸ್ಸಿನಲ್ಲಿ, ಅದೇ ಊರಿನಲ್ಲಿ ತೀರಿಕೊಂಡರು.

ಅದೇ 1878ರ ಕೊನೆಯ ದಿನ, ಡಿಸೆಂಬರ್ 31ರಂದು, ಯೇಸುಸಭೆಯ ಗುರುಗಳು ಮಂಗಳೂರಿಗೆ ಬಂದಿಳಿದರು ಎಂಬುದು ನಮ್ಮ ಕರಾವಳಿಯ ಓದುಗರಿಗೆ ಗೊತ್ತಿದೆ. ಅವರಲ್ಲಿ ಒಬ್ಬರು ಜರ್ಮನಿಯವರೇ ಆದ ಫಾದರ್ ಆಗಸ್ಟಸ್ ಮುಲ್ಲರ್. ಬಡವರಿಗಾಗಿ ಅವರು 1880ರಲ್ಲಿ ಆರಂಭಿಸಿದ ಔಷಧಾಲಯ ಇಂದು ಕಂಕನಾಡಿಯ ದೊಡ್ಡ ಆಸ್ಪತ್ರೆಯಾಗಿ, ವೈದ್ಯಕೀಯ ಕಾಲೇಜಾಗಿ ಬೆಳೆದಿದೆ. ವಾಕ್ ಶ್ರವಣ ತಜ್ಞರ ಶಿಕ್ಷಣವೂ ಅಲ್ಲಿ ನಡೆಯುತ್ತಿದೆ. ಫಾದರ್ ಮುಲ್ಲರ್ ವೆಬರ್ ಅವರನ್ನು ಕಂಡವರಲ್ಲ. ಆದರೂ ಲೈಪ್‌ಜಿಗ್‌ನ ಒಬ್ಬ ಲೂಥರನ್ ಪ್ರಾಧ್ಯಾಪಕರ ಅವಲೋಕನವನ್ನು ಇಂದು ಒಬ್ಬ ಕಥೋಲಿಕ ಗುರುವಿನ ಹೆಸರಿನ ಸಂಸ್ಥೆಯಲ್ಲಿ ನಮ್ಮ ಊರಿನ ಮಕ್ಕಳು ಕಲಿಯುತ್ತಾರೆ. ರೋಗಿಯ ಸೇವೆಯಲ್ಲಿ ಇಂಥ ಗಡಿಗಳು ಉಳಿಯುವುದಿಲ್ಲ.

ನಮಗೆ ಉಳಿದ ಕೆಲಸ

ಕಿವುಡರ ಸೇವೆ ಧರ್ಮಸಭೆಗೆ ಹೊಸದಲ್ಲ. ಮಾತು ಬಾರದ ಕಿವುಡನನ್ನು ಯೇಸುಸ್ವಾಮಿ ಜನಜಂಗುಳಿಯಿಂದ ಪಕ್ಕಕ್ಕೆ ಕರೆದೊಯ್ದು, ಅವನ ಕಿವಿಯನ್ನು ಮುಟ್ಟಿ ಗುಣಪಡಿಸಿದರೆಂದು ಸಂತ ಮಾರ್ಕರು ಬರೆಯುತ್ತಾರೆ. ದೀಕ್ಷಾಸ್ನಾನದಲ್ಲಿ ಮಗುವಿನ ಕಿವಿ ಬಾಯಿಗಳನ್ನು ಮುಟ್ಟಿ ಪ್ರಾರ್ಥಿಸುವ ಎಫ್ಫಥಾ ವಿಧಿ ಬಂದದ್ದು ಅದರಿಂದಲೇ. ಹದಿನಾರನೆಯ ಶತಮಾನದಲ್ಲಿ ಸ್ಪೇನಿನ ಬೆನೆಡಿಕ್ಟೀನ್ ಸನ್ಯಾಸಿ ಪೆದ್ರೊ ಪೊನ್ಸೆ ಕಿವುಡ ಮಕ್ಕಳಿಗೆ ಪಾಠ ಹೇಳಿದರು. ಮಾರ್ಟಿನ್ ಎಂಬ ಕಿವುಡನಿಗೆ ಸನ್ನೆಗಳಿಂದ ಧರ್ಮೋಪದೇಶ ಮಾಡಿದ ಸಂತ ಫ್ರಾನ್ಸಿಸ್ ದ ಸಾಲೆಸ್ ಕಿವುಡರ ಪಾಲಕ ಸಂತರು. ಅವರೇ ನಮ್ಮಂಥ ಪತ್ರಕರ್ತರಿಗೂ ಪಾಲಕರು.

ವೆಬರ್ ಪರೀಕ್ಷೆಯಲ್ಲಿ ನಾವು ಮುಖ್ಯವಾಗಿ ಗಮನಿಸಬೇಕಾದ ಒಂದು ಅಂಶವಿದೆ. ಅದರಲ್ಲಿ ಉತ್ತರ ಹೇಳುವುದು ಯಂತ್ರವಲ್ಲ, ರೋಗಿ. ಎಲ್ಲಿ ಕೇಳುತ್ತದೆ ಎಂದು ವೈದ್ಯರು ಕೇಳಬೇಕು, ರೋಗಿ ಹೇಳುವವರೆಗೆ ಕಾಯಬೇಕು, ಹೇಳಿದ್ದನ್ನು ನಂಬಬೇಕು. ಕೆಟ್ಟ ಕಿವಿಯಲ್ಲೇ ಜೋರಾಗಿ ಕೇ‍ಳುತ್ತದೆ ಎಂದು ರೋಗಿ ಹೇಳಿದಾಗ ಅದನ್ನು ತಪ್ಪೆಂದು ತಳ್ಳಿಹಾಕಿದರೆ ರೋಗವೇ ತಿಳಿಯುವುದಿಲ್ಲ. ಇನ್ನೊಬ್ಬರ ಶ್ರವಣವನ್ನು ಪರೀಕ್ಷಿಸುವವರು ಮೊದಲು ತಾವು ಕಿವಿಗೊಡಬೇಕಾಗುತ್ತದೆ.

ನಮ್ಮ ಧರ್ಮಕೇಂದ್ರಗಳಲ್ಲಿ ಪ್ರಸಂಗ ಕೇಳುವುದಿಲ್ಲವೆಂದು ದೂರು ಬಂದರೆ ಮೈಕಿನ ಸದ್ದು ಹೆಚ್ಚಿಸುವುದು ರೂಢಿ. ನರದ ದೋಷ ಇರುವವರಿಗೆ ಅದರಿಂದ ಗದ್ದಲ ಹೆಚ್ಚುತ್ತದೆಯೇ ಹೊರತು ಮಾತು ಸ್ಪಷ್ಟವಾಗುವುದಿಲ್ಲ. ಪಾಪನಿವೇದನೆಗೆ ಬರುವುದನ್ನು ನಿಲ್ಲಿಸಿದ ಹಿರಿಯರು, ವಾರ್ಡಿನ ಕೂಟದಲ್ಲಿ ಸುಮ್ಮನೆ ಮೂಲೆಯಲ್ಲಿ ಕುಳಿತುಕೊಳ್ಳುವವರು, ಧರ್ಮೋಪದೇಶ ತರಗತಿಯಲ್ಲಿ ಗುರುಗಳ ತುಟಿಯನ್ನೇ ನೋಡುವ ಮಗು, ಇವರಲ್ಲಿ ಭಕ್ತಿಯಾಗಲೀ ಬುದ್ಧಿಯಾಗಲೀ ಕಡಿಮೆಯಾಗಿದೆ ಎಂದು ತೀರ್ಮಾನಿಸುವ ಮೊದಲು ಕಿವಿಯ ಪರೀಕ್ಷೆ ಮಾಡಿಸೋಣ. ವಾರ್ಡಿನ ಗುರಿಕಾರರು, ಸಿಸ್ಟರುಗಳು, ಧರ್ಮೋಪದೇಶಕರು ತಮ್ಮ ತಮ್ಮ ವಾರ್ಡುಗಳಲ್ಲಿ ಇಂಥವರು ಎಷ್ಟು ಮಂದಿ ಇದ್ದಾರೆಂದು ಒಮ್ಮೆ ಎಣಿಸಿ ನೋಡಲಿ, ಅವರನ್ನು ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಲು ಒಂದು ದಿನ ಗೊತ್ತುಮಾಡಲಿ ಎಂಬುದು ನಮ್ಮ ವಿನಂತಿ.